ರೆವಿಟ್‌ನಲ್ಲಿ ಕಿಟಕಿಯ ಅಗಲ ಬದಲಿಸಿದರೆ ಸರಳುಗಳ ಎಣಿಕೆಯೂ ತಾನಾಗಿ ಬದಲಾಗುವಂತೆ ಮಾಡುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ನೀವು ರೆವಿಟ್‌ನಲ್ಲಿ (ಕಟ್ಟಡದ ಮಾದರಿ ಮಾಡುವ ಸಾಫ್ಟ್‌ವೇರ್) ಕಿಟಕಿಯ ಫ್ಯಾಮಿಲಿ, ಅಂದರೆ ಅಳತೆ ಬದಲಿಸಿ ಮತ್ತೆ ಮತ್ತೆ ಬಳಸುವ ಮಾದರಿ, ಮಾಡಿದ್ದೀರಿ. ಒಳಗೆ ನೇರ ಸರಳುಗಳ ಗ್ರಿಲ್ ಇದೆ. ಸರಳನ್ನು ಅಲ್ಲೇ ಎಕ್ಸ್‌ಟ್ರೂಡ್ ಮಾಡಿ (ಆಕಾರವನ್ನು ಉದ್ದಕ್ಕೆ ಎಳೆದು), ಅರೇ ಹಾಕಿ (ಸಾಲಾಗಿ ನಕಲು ಮಾಡಿ), ಎಣಿಕೆಗೆ ಪ್ಯಾರಾಮೀಟರ್ (ಬದಲಿಸಬಹುದಾದ ಅಳತೆ) ಕೊಟ್ಟಿದ್ದೀರಿ. 1200 ಮಿಮೀ ಅಗಲಕ್ಕೆ ಸರಿಯಾಗಿ ಕಾಣುತ್ತದೆ. 900 ಕೊಟ್ಟರೆ ಸರಳು ಚೌಕಟ್ಟಿನಿಂದ ಆಚೆ ಬರುತ್ತದೆ. ಎತ್ತರ ಬದಲಿಸಿದರೆ ಮೊದಲನೇ ಸರಳು ಮಾತ್ರ ಉದ್ದವಾಗುತ್ತದೆ, ಇಲ್ಲವೇ ಕನ್‌ಸ್ಟ್ರೈಂಟ್ ಎರರ್ (ಹಾಕಿದ ಲಾಕ್ ಪಾಲಿಸಲು ಆಗುತ್ತಿಲ್ಲ ಎಂಬ ಸಂದೇಶ) ಬರುತ್ತದೆ. ಸರಳುಗಳ ಲೆಕ್ಕ ಷೆಡ್ಯೂಲಿನಲ್ಲೂ (ರೆವಿಟ್ ತಯಾರಿಸುವ ಪಟ್ಟಿ) ಬರಬೇಕು. ಹೌದು ಅಲ್ವಾ?

ನಾನು ಸುಮಾರು ವರ್ಷಗಳಿಂದ ಮನೆಗಳ ಡ್ರಾಯಿಂಗ್ ಮಾಡುತ್ತಿದ್ದೇನೆ. ನಮ್ಮ ಕಡೆ ಗ್ರಿಲ್ ಇಲ್ಲದ ಕಿಟಕಿ ಸಿಗುವುದೇ ಕಷ್ಟ. ಹಾಗಾಗಿ ಈ ಕೆಲಸ ಬೇಕಾದಷ್ಟು ಸಲ ಮಾಡಿದ್ದೇನೆ. ನನಗೆ ಕೊನೆಗೆ ಕೈಗೆ ಹತ್ತಿದ ದಾರಿ ಇದು: ಅರೇಗೆ ಎಣಿಸುವ ಕೆಲಸ ಮಾತ್ರ ಕೊಡಬೇಕು. ಸರಳಿನ ಆಕಾರವನ್ನು ಒಳಗಿನ ಫ್ಯಾಮಿಲಿ ನೋಡಿಕೊಳ್ಳಲಿ. ಎಲ್ಲಿ ಶುರು, ಎಲ್ಲಿ ಕೊನೆ ಎಂಬುದನ್ನು ರೆಫರೆನ್ಸ್ ಪ್ಲೇನ್ (ಜಾಗ ಗುರುತಿಸಲು ಎಳೆಯುವ ಸಹಾಯಕ ಸಮತಲ) ನೋಡಿಕೊಳ್ಳಲಿ. ಎಷ್ಟು ಎಂಬುದನ್ನು ಸೂತ್ರ ಹೇಳಲಿ. ನಿಮ್ಮ ಫೈಲಿನಲ್ಲಿ ಈ ಮೂರೂ ಒಂದೇ ಕಡೆ ಗಂಟು ಬಿದ್ದಿವೆ.

ಯಾಕೆ ಮುರಿಯುತ್ತದೆ ಅಂತ ಮೊದಲು ನೋಡೋಣ. ಗ್ರೂಪ್ ಆಂಡ್ ಅಸೋಸಿಯೇಟ್ ಎಂಬ ಆಯ್ಕೆ ಆನ್ ಇಟ್ಟು ಅರೇ ಮಾಡಿದಾಗ ರೆವಿಟ್ ಪ್ರತಿ ಸರಳನ್ನೂ ಒಂದೊಂದು ಗ್ರೂಪಿನೊಳಗೆ ಹಾಕುತ್ತದೆ. ನೀವು ಎಕ್ಸ್‌ಟ್ರೂಷನ್ನಿನ ಮೇಲ್ತುದಿಯನ್ನು ಕಿಟಕಿಯ ತಲೆಯ ಪ್ಲೇನಿಗೆ ಲಾಕ್ ಮಾಡಿದ್ದೀರಲ್ಲ, ಆ ಲಾಕ್ ಗ್ರೂಪಿನ ಒಳಗಿಂದ ಹೊರಗಿನ ವಸ್ತುವಿಗೆ ಹೋಗಬೇಕು. ಅದು ನಂಬುವಂತೆ ನಿಲ್ಲುವುದಿಲ್ಲ. ಸರಳನ್ನೇ ಬೇರೆ ಫ್ಯಾಮಿಲಿ ಮಾಡಿಬಿಟ್ಟರೆ ಈ ತೊಂದರೆಯೇ ಇಲ್ಲ. ಎತ್ತರ ಆಗ ಲಾಕ್ ಅಲ್ಲ, ಪ್ಯಾರಾಮೀಟರ್. ಒಂದು ಕಡೆ ಬದಲಿಸಿದರೆ ಎಲ್ಲ ಸರಳಿಗೂ ತಲುಪುತ್ತದೆ.

ಹಾಗಾಗಿ ಮೂರು ಫೈಲ್ ಮಾಡಿ: ಸರಳು, ಗ್ರಿಲ್, ಕಿಟಕಿ. ಸರಳು ಗ್ರಿಲ್ಲಿನೊಳಗೆ, ಗ್ರಿಲ್ ಕಿಟಕಿಯೊಳಗೆ.

ಸರಳಿನಿಂದ ಶುರು ಮಾಡಿ. ಮೆಟ್ರಿಕ್ ಜೆನೆರಿಕ್ ಮಾಡೆಲ್ ಟೆಂಪ್ಲೇಟ್ ತೆಗೆದುಕೊಳ್ಳಿ. ಅದರಲ್ಲಿ ನಡುವೆ ಎರಡು ಪ್ಲೇನ್ ಮೊದಲೇ ಇರುತ್ತವೆ. ಅವು ಕೂಡುವ ಜಾಗದಲ್ಲಿ ವೃತ್ತ ಬರೆದು ಎಕ್ಸ್‌ಟ್ರೂಡ್ ಮಾಡಿ. ದಪ್ಪ, ಎತ್ತರ ಅಂತ ಎರಡು ಪ್ಯಾರಾಮೀಟರ್ ಕೊಡಿ. ಎರಡನ್ನೂ ಟೈಪ್ ಪ್ಯಾರಾಮೀಟರ್ (ಆ ಟೈಪಿನ ಎಲ್ಲ ಪ್ರತಿಗಳಿಗೂ ಒಂದೇ ಬೆಲೆ) ಆಗಿಯೇ ಇಡಿ, ಕಾರಣ ಮುಂದೆ ಹೇಳುತ್ತೇನೆ. ಆ ನಡುವಿನ ಪ್ಲೇನುಗಳನ್ನು ಅಳಿಸಬೇಡಿ, ಅವುಗಳ ಈಸ್ ರೆಫರೆನ್ಸ್ ಅನ್ನು ನಾಟ್ ಎ ರೆಫರೆನ್ಸ್ ಮಾಡಬೇಡಿ. ಗ್ರಿಲ್ಲಿನಲ್ಲಿ ಸರಳನ್ನು ಅಲೈನ್ ಮಾಡಿ ಲಾಕ್ ಹಾಕುವುದು ಆ ಪ್ಲೇನನ್ನು ಹಿಡಿದೇ. ಅದು ಸಿಗದಿದ್ದರೆ ಸರಳಿನ ಅಂಚನ್ನು ಹಿಡಿಯುತ್ತೀರಿ, ದಪ್ಪ ಬದಲಾದ ದಿನ ಲೆಕ್ಕ ತಪ್ಪುತ್ತದೆ.

ಈಗ ಗ್ರಿಲ್. ಇದಕ್ಕೂ ಜೆನೆರಿಕ್ ಮಾಡೆಲ್ ಸಾಕು. ಫ್ಯಾಮಿಲಿ ಸೆಟ್ಟಿಂಗಿನಲ್ಲಿ ವರ್ಕ್ ಪ್ಲೇನ್ ಬೇಸ್ಡ್ (ಆರಿಸಿದ ಪ್ಲೇನಿನ ಮೇಲೆ ಕೂರುವಂತೆ) ಆನ್ ಮಾಡಿ, ಕಿಟಕಿಯಲ್ಲಿ ಕೂರಿಸುವಾಗ ಬೇಕಾಗುತ್ತದೆ. ಎಡಕ್ಕೊಂದು ಬಲಕ್ಕೊಂದು ರೆಫರೆನ್ಸ್ ಪ್ಲೇನ್ ಹಾಕಿ. ಇವು ಚೌಕಟ್ಟಿನ ಒಳಮುಖಗಳು. ನಡುವಿನ ಅಳತೆಗೆ ಒಳಅಗಲ ಅಂತ ಹೆಸರಿಡಿ. ಅದರ ಒಳಗೆ ಇನ್ನೂ ಎರಡು ಪ್ಲೇನ್ ಹಾಕಿ: ಮೊದಲನೇ ಸರಳಿನ ನಡು, ಕೊನೆಯ ಸರಳಿನ ನಡು. ಒಳಮುಖದಿಂದ ಇವಕ್ಕಿರುವ ದೂರಕ್ಕೆ, ಎರಡೂ ಕಡೆ ಒಂದೇ ಪ್ಯಾರಾಮೀಟರ್ ಕೊಡಿ. ಅಂಚು ಅನ್ನೋಣ. ಈ ಒಳಗಿನ ಎರಡು ಪ್ಲೇನನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ಇಡೀ ಗ್ರಿಲ್ ನಿಂತಿರುವುದೇ ಇವುಗಳ ಮೇಲೆ.

ಒಂದು ಸರಳನ್ನು ತಂದು ಇಡಿ. ಅರೇ ಮಾಡುವ ಮೊದಲೇ ಅದರ ಪ್ಯಾರಾಮೀಟರುಗಳನ್ನು ಜೋಡಿಸಿಬಿಡಿ. ಎಡಿಟ್ ಟೈಪ್ ಒತ್ತಿದರೆ ದಪ್ಪ, ಎತ್ತರದ ಪಕ್ಕ ತುದಿಯಲ್ಲಿ ಒಂದು ಪುಟ್ಟ ಚೌಕ ಕಾಣುತ್ತದೆ. ಅದನ್ನು ಒತ್ತಿ ಗ್ರಿಲ್ಲಿನ ದಪ್ಪ, ಎತ್ತರಕ್ಕೆ ಕೊಂಡಿ ಹಾಕಿ. ಟೈಪ್ ಪ್ಯಾರಾಮೀಟರ್ ಆಗಿರುವುದರಿಂದ ಮುಂದೆ ಎಷ್ಟು ಸರಳು ಹುಟ್ಟಿದರೂ ಎಲ್ಲವೂ ಇದನ್ನೇ ಕೇಳುತ್ತವೆ. ಗ್ರಿಲ್ ಬೇಕೋ ಬೇಡವೋ ಅಂತ ಹೌದು-ಇಲ್ಲ ಪ್ಯಾರಾಮೀಟರ್ ಬೇಕಿದ್ದರೆ, ಸರಳಿನ ವಿಸಿಬಲ್‌ಗೂ ಈಗಲೇ ಕೊಂಡಿ ಹಾಕಿ. ಅರೇ ಆದಮೇಲೆ ಅದು ಗ್ರೂಪಿನೊಳಗೆ ಹೋಗಿಬಿಡುತ್ತದೆ, ಆಮೇಲೆ ಗ್ರೂಪ್ ಬಿಚ್ಚಿ ಕೂರಬೇಕು.

ನೆನಪಿರಲಿ, ಹೊರಗಿನ ಇನ್‌ಸ್ಟನ್ಸ್ ಪ್ಯಾರಾಮೀಟರಿನಿಂದ (ಪ್ರತಿಯೊಂದಕ್ಕೂ ಬೇರೆ ಬೆಲೆ ಕೊಡಬಹುದಾದದ್ದು) ಒಳಗಿನ ಟೈಪ್ ಪ್ಯಾರಾಮೀಟರನ್ನು ನಡೆಸಲು ಬರುವುದಿಲ್ಲ. ಹಾಗಾಗಿ ಗ್ರಿಲ್ಲಿನ ಎತ್ತರವೂ ಟೈಪ್ ಆಗಿರಬೇಕು. ಕಿಟಕಿ ಟೆಂಪ್ಲೇಟಿನಲ್ಲಿ ಅಗಲ, ಎತ್ತರ ಮೊದಲೇ ಟೈಪ್ ಆಗಿ ಬರುವುದರಿಂದ ಸರಪಳಿ ಸರಿಹೋಗುತ್ತದೆ.

ಇನ್ನು ಅರೇ. ಗ್ರೂಪ್ ಆಂಡ್ ಅಸೋಸಿಯೇಟ್ ಆನ್ ಇರಲಿ. ಮೂವ್ ಟು ಎಂಬಲ್ಲಿ ಎರಡು ಆಯ್ಕೆ ಇರುತ್ತದೆ, ಸೆಕೆಂಡ್ ಮತ್ತು ಲಾಸ್ಟ್. ಲಾಸ್ಟ್ ಆರಿಸಿ. ಸೆಕೆಂಡ್ ಆರಿಸಿದರೆ ಮೊದಲನೆಯದಕ್ಕೂ ಎರಡನೆಯದಕ್ಕೂ ಇರುವ ದೂರ ಕಾಯಂ ಆಗುತ್ತದೆ, ಉಳಿದವು ಹಾಗೇ ಸಾಲು ಹಿಡಿಯುತ್ತವೆ. ಲಾಸ್ಟ್ ಆರಿಸಿದರೆ ಮೊದಲನೆಯದೂ ಕೊನೆಯದೂ ಕಾಯಂ, ನಡುವಿನವು ಸಮನಾಗಿ ಹಂಚಿಕೊಳ್ಳುತ್ತವೆ. ನಮಗೆ ಬೇಕಿರುವುದು ಇದೇ.

ಇದನ್ನು ನಾನು ಕಲಿತದ್ದು ವೆಲ್ಡಿಂಗ್ ಅಂಗಡಿಯಲ್ಲಿ. ಮೊದಲೆಲ್ಲ ನಾನು ಸೆಕೆಂಡ್ ಆರಿಸಿ, ನಡುವಿಂದ ನಡುವಿಗೆ 112 ಮಿಮೀ ಅಂತ ಹಾಕುತ್ತಿದ್ದೆ. ಒಂದು ಸಲ ಅಂಥ ಡ್ರಾಯಿಂಗ್ ಹಿಡಿದು ಗ್ರಿಲ್ ಮಾಡುವವರ ಬಳಿ ಹೋದೆ. ಒಳಅಗಲ 1040. ಅವರು ನೆಲದ ಮೇಲೆ ಪಟ್ಟಿ ಇಟ್ಟು, ಟೇಪ್ ಹಿಡಿದು, ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಹೋದರು. ಒಂಬತ್ತನೇ ಸರಳು ಮುಗಿದ ಮೇಲೆ ಚೌಕಟ್ಟಿಗೆ ಉಳಿದದ್ದು ಬರೀ 32 ಮಿಮೀ. ಎಂಟಕ್ಕೆ ನಿಲ್ಲಿಸಿದರೆ 144 ಮಿಮೀ. ಅವರು ಸೀಮೆಸುಣ್ಣ ಕೆಳಗಿಟ್ಟು, 'ಸಾರ್, ಕೊನೇ ಸಂದಿ ಮಾತ್ರ ಬೇರೆ ಯಾಕೆ? ಎಲ್ಲಾ ಸಮ ಹಂಚಿಬಿಡ್ಲಾ?' ಅಂದರು. ಗುರುತೆಲ್ಲ ಒರೆಸಿ, ಪಟ್ಟಿಯ ಎರಡೂ ತುದಿಯಿಂದ ಲೆಕ್ಕ ಹಾಕಿ ಮತ್ತೆ ಗುರುತು ಹಾಕಿದರು. ಅವರು ಅವತ್ತು ಮಾಡಿದ್ದೇ ಲಾಸ್ಟ್ ಆಯ್ಕೆಯ ಕೆಲಸ.

ಅರೇ ಆದಮೇಲೆ ಅಲೈನ್ ತೆಗೆದುಕೊಂಡು ಮೊದಲನೇ ಸರಳಿನ ನಡುವಿನ ಪ್ಲೇನನ್ನು ಎಡಗಡೆ ಒಳ ಪ್ಲೇನಿಗೆ ಹೊಂದಿಸಿ, ಬೀಗ ಹಾಕಿ. ಕೊನೆಯದನ್ನು ಬಲಗಡೆಯದಕ್ಕೆ ಹೊಂದಿಸಿ, ಬೀಗ ಹಾಕಿ. ನಡುವಿನ ಯಾವುದಕ್ಕೂ ಬೀಗ ಬೇಡ. ಅರೇ ಮಾಡುವ ಮೊದಲು ಹಾಕಿದ್ದ ಬೀಗ ಉಳಿದಿದೆ ಅಂತ ನಂಬಿಕೊಂಡು ಕೂರಬೇಡಿ, ಆದಮೇಲೆ ಮತ್ತೆ ಹಾಕಿ. ಆಮೇಲೆ ಯಾವುದಾದರೂ ಸರಳನ್ನು ಒತ್ತಿ. ಅರೇಯ ಗೆರೆ ಕಾಣುತ್ತದೆ, ಅದರ ಜೊತೆ ಎಣಿಕೆಯ ಅಂಕಿ ಇರುತ್ತದೆ. ಆ ಗೆರೆಯನ್ನು ಆರಿಸಿ ಮೇಲೆ ಲೇಬಲ್ ಎಂಬಲ್ಲಿ ಎಣಿಕೆ ಎಂಬ ಇಂಟಿಜರ್ ಪ್ಯಾರಾಮೀಟರ್ ಕೊಡಿ.

ಇನ್ನು ಸೂತ್ರ. ಇಲ್ಲೇ ನಿಧಾನವಾಗಿ ಓದಿ. ಸರಳುಗಳ ನಡುವಿನ ಸಂದಿ 100 ಮಿಮೀಗಿಂತ ಜಾಸ್ತಿ ಆಗಬಾರದು ಅಂತ ಇಟ್ಟುಕೊಳ್ಳೋಣ. ಮಗುವಿನ ತಲೆ ತೂರಬಾರದು ಎಂಬುದು ಇದರ ಹಿಂದಿನ ಕಾರಣ. ಅಮೆರಿಕದ ಮನೆ ಕಟ್ಟುವ ನಿಯಮದಲ್ಲೂ ರೇಲಿಂಗ್ ಸಂದಿಯಲ್ಲಿ 4 ಇಂಚಿನ ಗೋಲ ತೂರಬಾರದು ಅಂತಿದೆ, ಹೆಚ್ಚುಕಮ್ಮಿ ಇದೇ ಅಳತೆ. ಒಂಬತ್ತು ಸರಳು ಇದ್ದರೆ ಸಂದಿ ಹತ್ತು. ಅಂದರೆ ಸಂದಿ ಯಾವಾಗಲೂ ಸರಳಿಗಿಂತ ಒಂದು ಜಾಸ್ತಿ. ಇದನ್ನು ಲೆಕ್ಕಕ್ಕೆ ತಂದರೆ ಹೀಗೆ ಬರುತ್ತದೆ (ಓದಲು ಸುಲಭವಾಗಲಿ ಎಂದು ಕನ್ನಡದಲ್ಲಿ ಬರೆದಿದ್ದೇನೆ, ನಿಮ್ಮ ಫೈಲಿನ ಹೆಸರುಗಳನ್ನು ಹಾಕಿಕೊಳ್ಳಿ; ರೌಂಡಪ್, ಇಫ್ ಇವನ್ನು roundup, if ಎಂದೇ ಬರೆಯಿರಿ):

ಬೇಕಾದಎಣಿಕೆ = ರೌಂಡಪ್((ಒಳಅಗಲ + ದಪ್ಪ) / (ಗರಿಷ್ಠಸಂದಿ + ದಪ್ಪ)) - 1

ಎಣಿಕೆ = ಇಫ್(ಬೇಕಾದಎಣಿಕೆ < 2, 2, ಬೇಕಾದಎಣಿಕೆ)

ಅಂಚು = (ಒಳಅಗಲ + ದಪ್ಪ) / (ಎಣಿಕೆ + 1) - ದಪ್ಪ / 2

1040ಕ್ಕೆ ಹಾಕಿ ನೋಡೋಣ. ಸರಳು 12 ಮಿಮೀ. ಮೇಲೆ 1052, ಕೆಳಗೆ 112. ಭಾಗಿಸಿದರೆ 9.39. ಮೇಲಕ್ಕೆ ಏರಿಸಿದರೆ 10, ಒಂದು ಕಳೆದರೆ 9 ಸರಳು. ಒಂಬತ್ತು ಸರಳು 108 ಮಿಮೀ ನುಂಗುತ್ತವೆ. ಉಳಿದ 932 ಅನ್ನು ಹತ್ತು ಸಂದಿಗೆ ಹಂಚಿದರೆ 93.2. ಅಂಚು 99.2 ಬರುತ್ತದೆ, ಅಂದರೆ ಆ 93.2 ಜೊತೆಗೆ ಅರ್ಧ ಸರಳು. ಎರಡೂ ತುದಿಯ ಸಂದಿಯೂ ನಡುವಿನ ಸಂದಿಯೂ ಒಂದೇ.

ರೌಂಡಪ್ ಬಿಟ್ಟರೆ ಏನಾಗುತ್ತದೆ ಗೊತ್ತಾ? ಇಂಟಿಜರ್ ಪ್ಯಾರಾಮೀಟರ್ ಹತ್ತಿರದ ಪೂರ್ಣ ಸಂಖ್ಯೆಗೆ ಹೋಗುತ್ತದೆ. 8.39 ಇದ್ದದ್ದು 8 ಆಗುತ್ತದೆ. ಎಂಟು ಸರಳು ಹಾಕಿದರೆ ಸಂದಿ 104.9. ಎರರ್ ಬರುವುದಿಲ್ಲ, ಪರದೆಯ ಮೇಲೆ ಕಣ್ಣಿಗೂ ಕಾಣುವುದಿಲ್ಲ. ಅದಕ್ಕೇ ಈ ಒಂದು ಪದದ ಬಗ್ಗೆ ಇಷ್ಟು ಹೇಳುತ್ತಿದ್ದೇನೆ.

ಎರಡನೇ ಸಾಲಿನ ಇಫ್ ಕಾವಲಿಗೆ. ಬಚ್ಚಲಿನ ವೆಂಟಿಲೇಟರಿನಂಥ ಸಣ್ಣ ಕಿಟಕಿಗೆ ಲೆಕ್ಕ ಒಂದಕ್ಕೆ ಇಳಿಯಬಹುದು. ಒಂದೇ ಸರಳಿದ್ದರೆ ಮೊದಲನೆಯದೂ ಕೊನೆಯದೂ ಅದೇ, ಆದರೆ ಬೀಗ ಇರುವುದು ಎರಡು ಬೇರೆ ಪ್ಲೇನಿಗೆ. ಎಣಿಕೆ ಎರಡಕ್ಕಿಂತ ಕೆಳಗೆ ಹೋಗದಂತೆ ನೋಡಿಕೊಂಡರೆ ಈ ಜಗಳವೇ ಇಲ್ಲ. ಸಣ್ಣ ಕಿಟಕಿಗೆ ಒಂದು ಸರಳು ಜಾಸ್ತಿ ಬಿದ್ದರೆ ನಷ್ಟವೇನಿಲ್ಲ. ಅಂಚಿನ ಸೂತ್ರದಲ್ಲಿ ಮಾತ್ರ ಕಾವಲಿನ ನಂತರದ ಎಣಿಕೆಯನ್ನೇ ಬಳಸಿ, ಬೇಕಾದಎಣಿಕೆಯನ್ನಲ್ಲ.

ಇನ್ನೊಂದು ಸಣ್ಣ ಮಾತು. ಪ್ಯಾರಾಮೀಟರ್ ಹೆಸರಿನಲ್ಲಿ ನಡುಗೆರೆ (-) ಹಾಕಬೇಡಿ. ಸೂತ್ರದಲ್ಲಿ ಅದನ್ನು ಕಳೆಯುವ ಗುರುತು ಅಂತ ಓದಿಕೊಳ್ಳುತ್ತದೆ.

ಗ್ರಿಲ್ಲನ್ನು ಕಿಟಕಿಗೆ ಹಾಕುವ ಮೊದಲು ಅಲ್ಲೇ ಫ್ಲೆಕ್ಸ್ ಮಾಡಿ, ಅಂದರೆ ಅಳತೆ ಬದಲಿಸಿ ಪರೀಕ್ಷಿಸಿ. ಫ್ಯಾಮಿಲಿ ಟೈಪ್ಸ್ ತೆರೆದು ಒಳಅಗಲ 440 ಕೊಡಿ, ಅಪ್ಲೈ ಒತ್ತಿ, 4 ಸರಳು ಬರಬೇಕು. 740ಕ್ಕೆ 6, 1340ಕ್ಕೆ 12, 1640ಕ್ಕೆ 14. ಆಮೇಲೆ 1640ರಿಂದ ನೇರವಾಗಿ 440ಕ್ಕೆ ಇಳಿಸಿ. ದೊಡ್ಡದರಿಂದ ಒಮ್ಮೆಲೇ ಚಿಕ್ಕದಕ್ಕೆ ಇಳಿಸಿದಾಗ ಬೀಗ ಸರಿಯಿಲ್ಲದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಕಿಟಕಿಯೊಳಗೆ ಹಾಕಿದ ಮೇಲೆ ಹುಡುಕುವುದಕ್ಕಿಂತ ಇಲ್ಲಿ ಹುಡುಕುವುದು ಎಷ್ಟೋ ವಾಸಿ.

ಕಿಟಕಿಯ ಕೆಲಸ ಈಗ ಸಲೀಸು. ಒಳಅಗಲ = ಅಗಲ - 2 * ಚೌಕಟ್ಟು ಅಂತ ಒಂದು ಪ್ಯಾರಾಮೀಟರ್. ಚೌಕಟ್ಟು 80 ಮಿಮೀ ಆದರೆ 1200ರ ಕಿಟಕಿಗೆ ನಮ್ಮ 1040 ಸಿಕ್ಕಿತು. ಸಿಲ್ (ಕಿಟಕಿಯ ಕೆಳ ಅಂಚು) ಪ್ಲೇನನ್ನು ವರ್ಕ್ ಪ್ಲೇನ್ ಮಾಡಿಕೊಂಡು ಗ್ರಿಲ್ ಕೂರಿಸಿ, ನಡುವಿಗೆ ಅಲೈನ್ ಮಾಡಿ ಬೀಗ ಹಾಕಿ, ಒಳಅಗಲ, ಎತ್ತರ, ದಪ್ಪಕ್ಕೆ ಕೊಂಡಿ ಹಾಕಿ. ವಿಸಿಬಿಲಿಟಿ ಸೆಟ್ಟಿಂಗಿನಲ್ಲಿ ಸರಳುಗಳು ಫೈನ್ ಡೀಟೇಲ್‌ನಲ್ಲಿ (ಹೆಚ್ಚು ವಿವರ ತೋರಿಸುವ ನೋಟ) ಮಾತ್ರ ಕಾಣುವಂತೆ ಇಡಿ. ನೂರಾರು ಕಿಟಕಿ ಇರುವ ಕಟ್ಟಡದಲ್ಲಿ ಪ್ಲಾನ್ ತೆರೆಯುವಾಗ ಅದರ ಬೆಲೆ ಗೊತ್ತಾಗುತ್ತದೆ.

ಸರಳುಗಳ ಲೆಕ್ಕ ಷೆಡ್ಯೂಲಿನಲ್ಲಿ ಬರಬೇಕು ಅಂತಲೂ ಕೇಳಿದ್ದೀರಿ. ಸರಳನ್ನು ಶೇರ್ಡ್ ಫ್ಯಾಮಿಲಿ (ಷೆಡ್ಯೂಲಿನಲ್ಲಿ ಬೇರೆಯಾಗಿ ಎಣಿಕೆಗೆ ಸಿಗುವ ಒಳ ಫ್ಯಾಮಿಲಿ) ಮಾಡಿ ಅಂತ ಯಾರಾದರೂ ಹೇಳಬಹುದು. ನಾನು ಹೇಳುವುದಿಲ್ಲ. ಶೇರ್ಡ್ ಮಾಡಿದರೆ ಒಳಗಿನ ಟೈಪ್ ಪ್ಯಾರಾಮೀಟರಿಗೆ ಹೊರಗಿನಿಂದ ಕೊಂಡಿ ಹಾಕಲು ಆಗುವುದಿಲ್ಲ, ಇಷ್ಟು ಹೊತ್ತು ಕಟ್ಟಿದ ಸರಪಳಿ ಕಳಚುತ್ತದೆ. ಬದಲಿಗೆ ಎಣಿಕೆಯ ಸೂತ್ರವನ್ನು ಕಿಟಕಿ ಫ್ಯಾಮಿಲಿಗೇ ತಂದುಬಿಡಿ. ಅಲ್ಲಿ ಅದನ್ನು ಶೇರ್ಡ್ ಪ್ಯಾರಾಮೀಟರ್ (ಷೆಡ್ಯೂಲಿಗೂ ಸಿಗುವಂಥ ಪ್ಯಾರಾಮೀಟರ್) ಮಾಡಿ, ಗ್ರಿಲ್ಲಿನ ಎಣಿಕೆಗೆ ಅಲ್ಲಿಂದಲೇ ಕೊಂಡಿ ಹಾಕಿ. ಆಗ ಗ್ರಿಲ್ಲಿನಲ್ಲಿ ಎಣಿಕೆಗೆ ಸೂತ್ರ ಇರಬಾರದು, ಅಂಚಿನ ಸೂತ್ರ ಮಾತ್ರ ಉಳಿಯಲಿ. ಷೆಡ್ಯೂಲಿನಲ್ಲಿ ಎಣಿಕೆಯೂ ಉದ್ದವೂ ಸಿಕ್ಕರೆ ಕಬ್ಬಿಣದ ತೂಕ ಸೈಟಿನಲ್ಲಿ ಎಲ್ಲರಿಗೂ ಗೊತ್ತಿರುವ ಲೆಕ್ಕ: ದಪ್ಪವನ್ನು ದಪ್ಪದಿಂದ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ಕೆಜಿ. 12 ಮಿಮೀಗೆ 0.89. ಒಂಬತ್ತು ಸರಳು, ತಲಾ 1.2 ಮೀಟರ್ ಅಂದರೆ ಸುಮಾರು 9.6 ಕೆಜಿ. ನನ್ನ ಷೆಡ್ಯೂಲಿನ ಈ ಒಂದು ಕಾಲಂ ನೋಡಿಯೇ ಗ್ರಿಲ್ ಮಾಡುವವರು ಈಗ ರೇಟ್ ಹೇಳುತ್ತಾರೆ.

ಅಡ್ಡ ಪಟ್ಟಿಯೂ ಬೇಕು ಅಂದರೆ ಅದೇ ಗ್ರಿಲ್ಲಿನೊಳಗೆ ಇನ್ನೊಂದು ಅರೇ, ಎತ್ತರದ ದಿಕ್ಕಿನಲ್ಲಿ, ಅದಕ್ಕೆ ಬೇರೆಯೇ ಎರಡು ಪ್ಲೇನ್. ಜಾಲಿ ಗೋಡೆಯಾದರೆ ಮಾತ್ರ ದಾರಿ ಸ್ವಲ್ಪ ಬೇರೆ: ಒಂದು ಬಿಲ್ಲೆ ಒಂದು ಫ್ಯಾಮಿಲಿ, ಬಿಲ್ಲೆಗಳ ಒಂದು ಸಾಲು ಎರಡನೇ ಫ್ಯಾಮಿಲಿ, ಆ ಸಾಲುಗಳನ್ನು ಮೇಲಕ್ಕೆ ಪೇರಿಸುವುದು ಮೂರನೆಯದು. ಜಾಲಿಯಲ್ಲಿ ಒಂದು ಫ್ಯಾಮಿಲಿಗೆ ಒಂದೇ ದಿಕ್ಕಿನ ಅರೇ. ಮೆಟ್ಟಿಲ ರೇಲಿಂಗಿಗೆ ಇದೆಲ್ಲ ಬೇಡ, ರೆವಿಟ್‌ನ ರೇಲಿಂಗ್ ಟೂಲೇ ಸಾಕು.

ಇಷ್ಟು ಮಾಡಿಯೂ ಮುರಿದರೆ, ಯಾವ ಒಳಅಗಲಕ್ಕೆ ಮುರಿಯಿತು, ಆಗ ಎಣಿಕೆ ಎಷ್ಟಿತ್ತು, ಇವೆರಡು ಅಂಕಿ ಬರೆದು ತಿಳಿಸಿ. ಎಣಿಕೆ ಸರಿಯಿದ್ದು ಜಾಗ ತಪ್ಪಿದ್ದರೆ ಬೀಗ ನೋಡಬೇಕು, ಎಣಿಕೆಯೇ ತಪ್ಪಿದ್ದರೆ ಸೂತ್ರ ನೋಡಬೇಕು.