ಹನಿ ಔಷಧ ಸೌಮ್ಯವೇ?

ಪ್ರಶ್ನೆ: ಮಗಳಿಗೆ 2 ವರ್ಷ, ತೂಕ 12 ಕೆ.ಜಿ. ಮನೆಯಲ್ಲಿ ಜ್ವರದ ಪ್ಯಾರಾಸಿಟಮಾಲ್ ಎರಡು ಬಗೆಯದಿದೆ: ಹನಿ ಹಾಕುವ ಪುಟ್ಟ ಬಾಟಲಿ ಒಂದು, ಸಿರಪ್ ಒಂದು. ಹನಿ ಔಷಧ ಹಸುಗೂಸಿನದು, ತುಸು ಹೆಚ್ಚಾದರೂ ನಡೆಯುತ್ತದೆ ಎನ್ನುತ್ತಾರೆ ಅತ್ತೆ. ನಿಜವೇ?

ಉತ್ತರ: ಇಲ್ಲ, ಸಂಗತಿ ತಿರುವುಮುರುವು. ಹಸುಗೂಸು ಹೆಚ್ಚು ನುಂಗಲಾರದೆಂದೇ ಹನಿ ಔಷಧವನ್ನು ಗಾಢವಾಗಿ ತಯಾರಿಸುತ್ತಾರೆ. ಸಾಮಾನ್ಯವಾಗಿ ಅದರ 1 ಮಿ.ಲೀ.ನಲ್ಲೇ 100 ಮಿ.ಗ್ರಾಂ ಇರುತ್ತದೆ, ಸಿರಪ್‌ನಲ್ಲಾದರೆ 5 ಮಿ.ಲೀ.ಗೆ 120, 125 ಅಥವಾ 250. ಸಿರಪ್ ಎಂದುಕೊಂಡು ಹನಿಯನ್ನು 5 ಮಿ.ಲೀ. ಕುಡಿಸಿದರೆ 500 ಮಿ.ಗ್ರಾಂ ಹೊಟ್ಟೆಗೆ ಹೋಯಿತು, ಅಂದರೆ ದೊಡ್ಡವರ ಒಂದು ಮಾತ್ರೆ.

ಲೆಕ್ಕ ಹಾಕಬೇಕಾದ್ದು ತೂಕದ ಮೇಲೆ: ಒಂದು ಸಲಕ್ಕೆ ಕೆ.ಜಿ.ಗೆ 10ರಿಂದ 15 ಮಿ.ಗ್ರಾಂ. ನಿಮ್ಮ ಮಗಳಿಗೆ 120ರಿಂದ 180. ಹನಿಯಾದರೆ 1.2ರಿಂದ 1.8 ಮಿ.ಲೀ., 120ರ ಸಿರಪ್ ಆದರೆ 5ರಿಂದ 7.5, 250ರದಾದರೆ 2.4ರಿಂದ 3.6. ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಸಲ ಮೀರದಂತೆ. ಅಡುಗೆಮನೆಯ ಚಮಚ ಬೇಡ, ಮನೆಗೊಂದು ಅಳತೆ ಅದಕ್ಕೆ. ಬಾಟಲಿಯ ಜೊತೆ ಬಂದ ಅಳತೆ ಲೋಟವನ್ನೋ ಸೂಜಿಯಿಲ್ಲದ ಸಿರಿಂಜನ್ನೋ ಬಳಸಿ. ಹೊಸ ಬಾಟಲಿ ತಂದಾಗಲೆಲ್ಲ ಲೇಬಲ್ ಓದಿ ಮತ್ತೆ ಲೆಕ್ಕ ಮಾಡಿ.

ಇನ್ನೊಂದು ಎಡವಟ್ಟು ನೆಗಡಿಯ ಸಿರಪ್‌ನದು. ಹಲವದರಲ್ಲಿ ಪ್ಯಾರಾಸಿಟಮಾಲ್ ಮೊದಲೇ ಬೆರೆತಿರುತ್ತದೆ. ಜ್ವರಕ್ಕೊಂದು, ನೆಗಡಿಗೊಂದು ಎಂದು ಕೊಟ್ಟರೆ ಗೊತ್ತಿಲ್ಲದೆಯೇ ಪ್ರಮಾಣ ಇಮ್ಮಡಿ. ಹೆಚ್ಚಾದ ಪ್ಯಾರಾಸಿಟಮಾಲ್ ಯಕೃತ್ತನ್ನು ಕೆಡಿಸುತ್ತದೆ, ಆದರೆ ಮೊದಲ ದಿನ ಮಗು ಆಡಿಕೊಂಡೇ ಇರಬಹುದು. ಪ್ರತಿವಿಷವಾದ ಅಸಿಟೈಲ್‌ಸಿಸ್ಟೀನ್ 8 ಗಂಟೆಯೊಳಗೆ ಸಿಕ್ಕರೆ ಅತಿ ಪರಿಣಾಮಕಾರಿ. ಅದಕ್ಕೇ ತಪ್ಪಾಯಿತೆಂದು ತಿಳಿದ ಕ್ಷಣವೇ ಬಾಟಲಿ ಹಿಡಿದು ಆಸ್ಪತ್ರೆಗೆ ಓಡಿ, ವಾಂತಿ ಬರಲೆಂದು ಕಾಯಬೇಡಿ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರಂತೂ ಮನೆಮದ್ದು, ಸಿರಪ್ ಯಾವುದೂ ಬೇಡ. ನೇರ ವೈದ್ಯರ ಬಳಿಗೆ.

ಪ್ರಶ್ನೆ: ಜ್ವರ ಬೇಗ ಇಳಿಯಲೆಂದು 8 ವರ್ಷದ ಮಗನಿಗೆ ನಿಮೆಸುಲೈಡ್ ಅಥವಾ ಆಸ್ಪಿರಿನ್ ಅರ್ಧ ಮಾತ್ರೆ ಕೊಡಬಹುದೇ?

ಉತ್ತರ: ಎರಡೂ ಬೇಡ. 12 ವರ್ಷದೊಳಗಿನವರಿಗೆ ನಿಮೆಸುಲೈಡನ್ನು ಭಾರತದಲ್ಲಿ 2011ರಲ್ಲೇ ನಿಷೇಧಿಸಲಾಗಿದೆ. ಫ್ಲೂ, ಸೀತಾಳೆ ಸಿಡುಬಿನ ಜ್ವರದಲ್ಲಿ ಆಸ್ಪಿರಿನ್ ಕೊಟ್ಟ ಮಕ್ಕಳಿಗೆ ಮಿದುಳು, ಯಕೃತ್ತು ಎರಡಕ್ಕೂ ಪೆಟ್ಟು ಕೊಡುವ ರೈ ಸಿಂಡ್ರೋಮ್ ಬರಬಹುದು.

ಪ್ರಶ್ನೆ: ಭೇದಿಯಾದಾಗ ಓ.ಆರ್.ಎಸ್. ಪೊಟ್ಟಣದ ಪುಡಿಯನ್ನು ಒಂದೊಂದು ಲೋಟಕ್ಕೆ ಸ್ವಲ್ಪಸ್ವಲ್ಪ ಹಾಕಿದರೆ ಸಾಲದೇ?

ಉತ್ತರ: ಸಾಲದು. ಒಂದು ಲೀಟರಿನ ಪೊಟ್ಟಣದಲ್ಲಿ ಗ್ಲೂಕೋಸ್ 13.5, ಉಪ್ಪು 2.6, ಪೊಟ್ಯಾಸಿಯಂ ಕ್ಲೋರೈಡ್ 1.5, ಸಿಟ್ರೇಟ್ 2.9 ಗ್ರಾಂ ಇರುತ್ತದೆ. ಗ್ಲೂಕೋಸ್ ಜೊತೆಗಿದ್ದರೆ ಕರುಳು ಉಪ್ಪನ್ನು ಎಳೆದುಕೊಳ್ಳುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ. ಕಣ್ಣಳತೆಯಲ್ಲಿ ಬೆರೆಸಿದರೆ ಈ ಹದ ತಪ್ಪುತ್ತದೆ: ಗಟ್ಟಿಯಾದರೆ ರಕ್ತದಲ್ಲಿ ಸೋಡಿಯಂ ಏರುತ್ತದೆ, ತೆಳುವಾದರೆ ಉಪಯೋಗವಿಲ್ಲ. ಇಡೀ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ, ಕುದಿಸಿ ಆರಿಸಿದ ನೀರಿಗೆ, ಒಮ್ಮೆಲೇ ಹಾಕಿ. ಒಂದೇ ಲೋಟ ಬೇಕಿದ್ದರೆ 200 ಮಿ.ಲೀ.ನ ಸಣ್ಣ ಪೊಟ್ಟಣ ಸಿಗುತ್ತದೆ. ಮಗು ವಾಂತಿ ಮಾಡಿಕೊಂಡರೆ ಹತ್ತು ನಿಮಿಷ ಬಿಟ್ಟು, ಮತ್ತೆ ಚಮಚದಲ್ಲಿ ನಿಧಾನವಾಗಿ ಕುಡಿಸಿ. ಉಳಿದದ್ದನ್ನು 24 ಗಂಟೆಯಾದ ಮೇಲೆ ಚೆಲ್ಲಿಬಿಡಿ.