ಬಿಎ ಓದೋ ಹುಡುಗಿಗೆ ಮಂಡಿಯಲ್ಲೇನು ಕೆಲಸ?

ಪತ್ರ: ಸಂಪಾದಕರಿಗೆ ನಮಸ್ಕಾರ. ನಾನು ಕೋಲಾರದ ಎಪಿಎಂಸಿಯಲ್ಲಿ ಒಂದು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ನಮ್ಮ ಅಕ್ಕನ ಊರು ಶ್ರೀನಿವಾಸಪುರದ ಹತ್ತಿರ, ಸ್ವಲ್ಪ ಮಾವಿನ ತೋಟ ಇದೆ. ಅಕ್ಕನ ಮಗಳು ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲೇ ಓದಿ ಆರ್ಟ್ಸ್‌ನಲ್ಲಿ 89 ಪರ್ಸೆಂಟ್ ತೆಗೆದಿದ್ದಾಳೆ. ಬಿಎ ಮಾಡ್ತೀನಿ ಅಂತಾಳೆ. ಮನೆಯವರೆಲ್ಲ ಬಿಕಾಂ ಅಂತಾರೆ. ಇತಿಹಾಸ, ಸಾಹಿತ್ಯ ಓದುವವರಿಗೆ ಫೀಸೂ ಕೊಟ್ಟು, ರಜೆಯಲ್ಲಿ ಕಂಪನಿ ಕೆಲಸವನ್ನೂ ಕಲಿಸುವ ಅಮೆರಿಕದ ಸ್ಕಾಲರ್‌ಶಿಪ್ ಬಗ್ಗೆ ಹೋದ ಸಂಚಿಕೆಯಲ್ಲಿ ಬರೆದಿದ್ದಿರಿ. ಅಂಥದ್ದು ನಮ್ಮ ಕಡೆ ಇದೆಯೇ? ಇಲ್ಲಿ ಒಬ್ಬರು 12,000 ಕೊಟ್ಟರೆ ಈ ವರ್ಷವೇ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಕೊಡಿಸ್ತೀನಿ ಅಂತಿದ್ದಾರೆ. ಕೊಡಬಹುದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಕೊಡಬೇಡಿ ಸ್ವಾಮಿ.

ಆ ಯೋಜನೆಯನ್ನು ಕೇಂದ್ರ ಸರ್ಕಾರ ಪ್ರಕಟಿಸಿದ್ದು 2024ರ ಬಜೆಟ್‌ನಲ್ಲಿ. ಶುರುವಾದಾಗ ಮಾಡಿದ ನಿಯಮ ನೋಡಿ: ವಯಸ್ಸು 21ರಿಂದ 24 ಇರಬೇಕು, ಪೂರ್ತಿ ಹೊತ್ತು ಕಾಲೇಜಿಗೆ ಹೋಗುತ್ತಿರುವವರಿಗೆ ಇಲ್ಲ. ಒಂದು ವರ್ಷ ದೊಡ್ಡ ಕಂಪನಿಯಲ್ಲಿ ಕೆಲಸ ಕಲಿಯಬೇಕು. ತಿಂಗಳಿಗೆ 5,000 ರೂಪಾಯಿ. ಅದರಲ್ಲಿ 4,500 ಸರ್ಕಾರದ್ದು, 500 ಕಂಪನಿಯದ್ದು. ಸೇರುವಾಗ ಒಂದು ಸಲ 6,000 ಬೇರೆ. ಅರ್ಜಿಗೆ ಒಂದು ರೂಪಾಯಿಯೂ ಕಟ್ಟಬೇಕಿಲ್ಲ. ಈಗಷ್ಟೇ ಪಿಯುಸಿ ಮುಗಿಸಿದ ಹುಡುಗಿಗೆ ಅದನ್ನು "ಈ ವರ್ಷವೇ" ಕೊಡಿಸುತ್ತೇನೆ ಅನ್ನುವವರು ಒಂದೋ ನಿಯಮ ಓದಿಲ್ಲ, ಇಲ್ಲಾ ನೀವು ಓದಿಲ್ಲ ಅಂದುಕೊಂಡಿದ್ದಾರೆ. ಅಡ್ವಾನ್ಸ್ ಕೊಟ್ಟಿದ್ದರೆ ಇಬ್ಬರು ಮೂವರು ಸೇರಿ ಹೋಗಿ ವಾಪಸ್ ಕೇಳಿ.

ಇದನ್ನು ಇಷ್ಟು ಗಟ್ಟಿಯಾಗಿ ಹೇಳೋಕೆ ನನಗೊಂದು ಕಾರಣ ಇದೆ. ಡಿಗ್ರಿ ಕೊನೆ ವರ್ಷದಲ್ಲಿ ನಾನೂ ಟ್ರೇನಿಂಗ್ ಅಂತ ಬೆಂಗಳೂರಿನ ಒಂದು ಆಫೀಸಿಗೆ ಹೋಗಿದ್ದೆ. ಬೆಳಗಾಗುವ ಮೊದಲೇ ಬಂಗಾರಪೇಟೆಯಲ್ಲಿ ರೈಲು ಹಿಡಿಯಬೇಕಿತ್ತು. ಎರಡು ತಿಂಗಳು ಝೆರಾಕ್ಸ್ ತೆಗೆದೆ, ಟೀ ತಂದೆ. ಹೊರಡುವಾಗ "ಮಾರುಕಟ್ಟೆ ಅಧ್ಯಯನ ಮಾಡಿದ್ದಾರೆ" ಅಂತ ಚೆನ್ನಾಗಿರೋ ಸರ್ಟಿಫಿಕೇಟ್ ಕೊಟ್ಟರು. ಮೊದಲ ಸಂದರ್ಶನದಲ್ಲೇ ಒಬ್ಬರು ಅದನ್ನು ತಿರುಗಿಸಿ ನೋಡಿ, "ಏನು ಅಧ್ಯಯನ ಮಾಡಿದ್ರಿ, ಸ್ವಲ್ಪ ಹೇಳಿ" ಅಂದರು. ನನಗೆ ಬಾಯಿ ಬರಲಿಲ್ಲ. ಆ ಕಾಗದ ಈಗಲೂ ಬೀರುವಿನಲ್ಲಿದೆ.

ಈಗ ಅಮೆರಿಕದ ವಿಷಯ. ನಾವು ಬರೆದದ್ದು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಮೋರ್‌ಹೆಡ್-ಕೇನ್ ಸ್ಕಾಲರ್‌ಶಿಪ್ ಬಗ್ಗೆ. 1945ರಲ್ಲಿ ಒಬ್ಬ ಉದ್ಯಮಿ ಇಟ್ಟ ದುಡ್ಡಿನಿಂದ ಶುರುವಾದದ್ದು. ನಾಲ್ಕು ವರ್ಷದ ಖರ್ಚು ಅವರದ್ದೇ. ಇತಿಹಾಸ ಓದಿ, ಕೆಮಿಸ್ಟ್ರಿ ಓದಿ, ಅದು ನಿಮ್ಮಿಷ್ಟ. ಬೇಸಿಗೆ ರಜೆಗಳಲ್ಲಿ ಮಾತ್ರ ಅವರ ಕಾರ್ಯಕ್ರಮದ ಪ್ರಕಾರ ಹೊರಡಬೇಕು. ಒಂದು ಬೇಸಿಗೆ ಕಾಡುಮೇಡು, ಒಂದು ಬೇಸಿಗೆ ಜನಸೇವೆ, ಒಂದು ಬೇಸಿಗೆ ಕಂಪನಿ, ಹೀಗೆ. ಓದುವ ಕಾಲದಲ್ಲಿ ಓದು, ರಜೆಯಲ್ಲಿ ಕೆಲಸ. ಎರಡನ್ನೂ ಒಂದೇ ಪಾತ್ರೆಗೆ ಹಾಕಿ ಕಲಸಿಲ್ಲ. ನನಗೆ ಇದಕ್ಕಿಂತ ಇಷ್ಟವಾಗುವುದು ಕೆಂಟಕಿಯ ಬೆರಿಯಾ ಕಾಲೇಜು. ಬಡವರ ಮನೆ ಮಕ್ಕಳಿಗೇ ಇರುವ ಕಾಲೇಜು ಅದು. 1892ರಿಂದ ಅಲ್ಲಿ ಬೋಧನಾ ಶುಲ್ಕ ಇಲ್ಲ. ಆದರೆ ಪ್ರತಿ ವಿದ್ಯಾರ್ಥಿಯೂ ವಾರಕ್ಕೆ ಕಡಿಮೆ ಅಂದರೂ 10 ಗಂಟೆ ಕ್ಯಾಂಪಸ್‌ನಲ್ಲಿ ದುಡಿಯಲೇಬೇಕು. ತೋಟ, ಆಫೀಸು, ಮರಗೆಲಸ, ಏನಾದರೂ ಸರಿ.

ನಮ್ಮ ಕಡೆ ಹೀಗೆ ಎರಡೂ ಸೇರಿದ ಒಂದೇ ಪ್ಯಾಕೆಟ್ ಹುಡುಕಿಕೊಂಡು ಹೋದರೆ ನಿರಾಸೆಯೇ ಜಾಸ್ತಿ. ಹರಿಯಾಣದ ಅಶೋಕ, ಆಂಧ್ರದ ಶ್ರೀಸಿಟಿಯಲ್ಲಿರುವ ಕ್ರೇಯಾದಂಥ ಖಾಸಗಿ ವಿಶ್ವವಿದ್ಯಾಲಯಗಳಿವೆ. ಆದಾಯ ನೋಡಿ ಫೀಸು ಇಳಿಸುತ್ತಾರೆ, ಆದರೆ ಮೂಲ ಫೀಸು ಲಕ್ಷಗಳ ಲೆಕ್ಕ. ನಿಮಗೆ ಹತ್ತಿರದ್ದು ಸರ್ಜಾಪುರದ ಬಳಿಯ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ. ಮಾಲೂರು ದಾಟಿದರೆ ಅದೇ ಕಡೆ. ಅಲ್ಲಿ ಬಿಎ ಇದೆ, ಮನೆಯ ಆದಾಯ ನೋಡಿ ಫೀಸನ್ನೂ ಹಾಸ್ಟೆಲನ್ನೂ ಪೂರ್ತಿ ಮಾಫಿ ಮಾಡುವುದೂ ಇದೆ. ಪ್ರವೇಶ ಪರೀಕ್ಷೆ, ಸಂದರ್ಶನ ಇರುತ್ತದೆ. ಪಾಠ ಇಂಗ್ಲಿಷಿನಲ್ಲಿ. ಅದಕ್ಕೆ ಹೆದರಿ ಅರ್ಜಿಯನ್ನೇ ಹಾಕದೆ ಇರಬೇಡಿ. ಆದರೆ ಅದೊಂದನ್ನೇ ನಂಬಿ ಕೂರಲೂ ಬೇಡಿ.

ಹಾಗಾದರೆ? ಪ್ಯಾಕೆಟ್ ಇಲ್ಲದಿದ್ದರೆ ಬಿಡಿಯಾಗಿ ತಂದು ಮನೆಯಲ್ಲೇ ಕಟ್ಟಿಕೊಳ್ಳಬೇಕು. ದುಡ್ಡು ಒಂದು ಕಡೆಯಿಂದ, ಕೆಲಸ ಇನ್ನೊಂದು ಕಡೆಯಿಂದ.

ದುಡ್ಡಿನ ವಿಷಯದಲ್ಲಿ ನಿಮ್ಮ ಹುಡುಗಿ ಅಷ್ಟೇನೂ ಕಷ್ಟದಲ್ಲಿಲ್ಲ. ಸರ್ಕಾರಿ ಶಾಲೆ, ಕಾಲೇಜಿನಲ್ಲೇ ಹತ್ತನೇ ತರಗತಿ, ಪಿಯುಸಿ ಮುಗಿಸಿ ಪದವಿಗೆ ಸೇರುವ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ಕೊಡುತ್ತಿದೆ. ಇದು ಆ ವಿಶ್ವವಿದ್ಯಾಲಯಕ್ಕೇ ಸೇರಬೇಕು ಅಂತಲ್ಲ, ಕೋಲಾರದ ಸರ್ಕಾರಿ ಮಹಿಳಾ ಕಾಲೇಜಿಗೆ ಸೇರಿದರೂ ಅರ್ಜಿ ಹಾಕಬಹುದು. ರೈತರ ಮಕ್ಕಳಿಗೆ 2021ರಲ್ಲಿ ರಾಜ್ಯ ಸರ್ಕಾರ ತಂದ ರೈತ ವಿದ್ಯಾನಿಧಿಯಲ್ಲಿ ಡಿಗ್ರಿ ಓದುವ ಹುಡುಗಿಯರಿಗೆ 5,500 ಅಂತ ಇಟ್ಟಿದ್ದರು. ತೋಟ ಯಾರ ಹೆಸರಿನಲ್ಲಿದೆಯೋ ಅವರ ಎಫ್‌ಐಡಿ, ಅಂದರೆ ರೈತರ ಗುರುತಿನ ನಂಬರ್ ಬೇಕು. ಕೇಂದ್ರದ್ದೊಂದು ಇದೆ, ಪಿಯುಸಿಯಲ್ಲಿ ತಮ್ಮ ವಿಭಾಗದ ಮೇಲಿನ ಶೇಕಡಾ 20ರಲ್ಲಿ ಬಂದವರಿಗೆ ವರ್ಷಕ್ಕೆ 12,000. ಮನೆ ಆದಾಯ 4.5 ಲಕ್ಷದೊಳಗಿರಬೇಕು. ಅದನ್ನು ತೆಗೆದುಕೊಂಡರೆ ಬೇರೆ ಸ್ಕಾಲರ್‌ಶಿಪ್ ತೆಗೆದುಕೊಳ್ಳುವ ಹಾಗಿಲ್ಲ. ಯಾವುದು ಲಾಭ ಅಂತ ಕೂತು ಲೆಕ್ಕ ಹಾಕಿ. ಲೆಕ್ಕ ನಿಮಗೆ ಹೇಳಿಕೊಡಬೇಕಾ!

ದುಡ್ಡು ನಿಂತುಹೋಗುವುದು ಹೆಚ್ಚಾಗಿ ಸಣ್ಣ ವಿಷಯಕ್ಕೆ. ಜಾತಿ, ಆದಾಯ ಪತ್ರದ ಆರ್‌ಡಿ ನಂಬರ್ ಹಳೆಯದಾಗಿರುತ್ತದೆ. ಆಧಾರ್‌ನಲ್ಲಿ ಹೆಸರು ಒಂದು ಥರ, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಥರ ಇರುತ್ತದೆ. ಬ್ಯಾಂಕ್ ಖಾತೆಗೆ ಆಧಾರ್ ಸೀಡಿಂಗ್ ಆಗಿರುವುದಿಲ್ಲ. ಈ ವಾರವೇ ನಾಡಕಚೇರಿಗೂ ಬ್ಯಾಂಕಿಗೂ ಒಂದು ಸುತ್ತು ಹೋಗಿಬನ್ನಿ. ಬಸ್ಸಿನ ಚಿಂತೆ ಬೇಡ, 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ ಫ್ರೀ. ಶ್ರೀನಿವಾಸಪುರದಿಂದ ಕೋಲಾರಕ್ಕೆ ಮೂರು ವರ್ಷ ಓಡಾಡಿದರೂ ಟಿಕೆಟ್ ಖರ್ಚಿಲ್ಲ.

ಮೂರು ವರ್ಷ ಅಂದೆ. ನಾಲ್ಕು ವರ್ಷದ ಡಿಗ್ರಿ ಅಂತ ಯಾರಾದರೂ ಹೇಳಿದ್ದರೆ ಅದು 2021ರಲ್ಲಿ ಬಂದ ವ್ಯವಸ್ಥೆ. 2024ರಲ್ಲಿ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷಕ್ಕೆ ತಂದಿತು.

ಇನ್ನು ಕೆಲಸ. ಇಲ್ಲಿ ನಿಮ್ಮ ಪತ್ರ ಓದಿ ನನಗೆ ನಗು ಬಂತು, ಬೇಜಾರು ಮಾಡ್ಕೋಬೇಡಿ. ಅಕ್ಕನ ಮಗಳಿಗೆ ವ್ಯಾಪಾರದ ಅನುಭವ ಎಲ್ಲಿ ಸಿಗುತ್ತೆ ಅಂತ ಕೇಳುತ್ತಿರುವವರು ಕೂತಿರೋದು ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ! ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಅದೂ ಒಂದು. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿದಾಗ ದೆಹಲಿಯ ಟಿವಿಯವರೂ ನಿಮ್ಮ ಅಂಗಳದಲ್ಲಿ ನಿಂತಿದ್ದರು. ಅದೇ ಟೊಮೆಟೊವನ್ನು ರಸ್ತೆಗೆ ಸುರಿದು ಹೋದ ದಿನಗಳನ್ನೂ ನೀವು ನೋಡಿದ್ದೀರಿ.

ಅರ್ಥಶಾಸ್ತ್ರದ ಪುಸ್ತಕದಲ್ಲಿ ಬೇಡಿಕೆ, ಪೂರೈಕೆ ಅಂತ ಎರಡು ಗೆರೆ ಎಳೆದಿರುತ್ತಾರೆ. ಹರಾಜು ಕೂಗುವಾಗ ಆ ಗೆರೆಗಳು ಎಲ್ಲಿ ಹೋಗುತ್ತವೆ? ಒಂದೇ ದಿನ, ಒಂದೇ ಥರದ ಹಣ್ಣಿಗೆ ಎರಡು ಮಂಡಿಯಲ್ಲಿ ಎರಡು ದರ ಯಾಕೆ? ಬೆಳೆಗೆ ಮುಂಚೆಯೇ ಮಂಡಿಯಿಂದ ಸಾಲ ತಂದ ರೈತ ಬೇರೆ ಮಂಡಿಗೆ ಹೋಗಬಲ್ಲನಾ? ಉತ್ತರ ಭಾರತಕ್ಕೆ ಹೋಗುವ ಲಾರಿ ಎರಡು ದಿನ ತಡವಾದರೆ ಕೈ ಸುಡುವುದು ಯಾರದ್ದು? ಇವನ್ನು ಕೇಳುವುದಕ್ಕೆ ಬಿಎ ಓದಿದ ತಲೆ ಬೇಕು. ಉತ್ತರಕ್ಕೆ ನಿಮ್ಮ ಗಲ್ಲಾ ಪೆಟ್ಟಿಗೆ ಪಕ್ಕದ ಸ್ಟೂಲು ಸಾಕು. ರಜೆಯಲ್ಲಿ ಒಂದು ತಿಂಗಳು ಅವಳನ್ನು ಅಲ್ಲಿ ಕೂರಿಸಿ. ಯಜಮಾನರ ಒಪ್ಪಿಗೆ ಮೊದಲೇ ತಗೊಳ್ಳಿ, ದಿನಕ್ಕೆ ಇಷ್ಟು ಅಂತ ಕೂಲಿಯನ್ನೂ ಮಾತಾಡಿ. ಸಂಬಂಧದ ಹೆಸರಲ್ಲಿ ಸುಮ್ನೆ ದುಡಿಸಬೇಡಿ. ಎರಡನೇ ವರ್ಷ ನರಸಾಪುರದ ಕೈಗಾರಿಕಾ ಪ್ರದೇಶದ ಕಂಪನಿಗಳಿಗೆ ಕಾಲೇಜಿನಿಂದ ಪತ್ರ ಬರೆಸಿ ಕೇಳಲಿ. ಆಗ ಹೇಳಿಕೊಳ್ಳೋಕೆ ಅವಳ ಹತ್ತಿರ ಒಂದು ನಿಜವಾದ ತಿಂಗಳು ಇರುತ್ತದೆ.

ಡಿಗ್ರಿ ಮುಗಿದ ಮೇಲೆ ಕೇಂದ್ರದ ಅಪ್ರೆಂಟಿಸ್‌ಶಿಪ್ ಯೋಜನೆ ಇದೆ. 2019ರ ನಿಯಮದಲ್ಲಿ ಪದವೀಧರರಿಗೆ ತಿಂಗಳಿಗೆ ಕನಿಷ್ಠ 9,000. ಪ್ರಧಾನಮಂತ್ರಿ ಇಂಟರ್ನ್‌ಶಿಪ್ಪಿನ ವಯಸ್ಸೂ ಆಗ ಬಂದಿರುತ್ತದೆ.

ಬಿಕಾಂ ಅನ್ನುವ ಮನೆಯವರ ಮೇಲೆ ನನಗೆ ಸಿಟ್ಟಿಲ್ಲ. ಕೆಲಸ ಬೇಗ ಸಿಗಲಿ ಅನ್ನೋ ಆಸೆ ಅದು. ಆದರೆ ಬಿಎ ಅಂದರೆ ಬೇರೆ ಸೀಟು ಸಿಗದವರ ಪಾಲು ಅಂತ ಯಾರಾದರೂ ಅಂದರೆ ಪಕ್ಕದ ಮುದ್ದೇನಹಳ್ಳಿಯ ಹೆಸರು ಹೇಳಿ. ವಿಶ್ವೇಶ್ವರಯ್ಯನವರು ಮನೆಪಾಠ ಹೇಳಿ ಖರ್ಚು ತೂಗಿಸಿಕೊಂಡು ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಮುಗಿಸಿದ್ದು ಬಿಎ. ಪುಣೆಗೆ ಎಂಜಿನಿಯರಿಂಗ್ ಓದಲು ಹೋದದ್ದು ಆಮೇಲೆ, ಮೈಸೂರು ಸರ್ಕಾರದ ನೆರವಿನಿಂದ. ಆಗಿನ ಬಿಎ ಬೇರೆ, ಈಗಿನದು ಬೇರೆ, ನಿಜ. ಈ ಉದಾಹರಣೆಯನ್ನು ಜಾಸ್ತಿ ಎಳೆಯಬೇಡಿ. ಒಂದು ಸಲ ಹೇಳಿ ಬಿಡಿ.

ಇನ್ನೊಂದು ಮಾತು. ಮಂಡಿಯಲ್ಲಿ ಕೂತಷ್ಟು ದಿನ ಹುಡುಗಿ ಒಂದು ನೋಟ್‌ಬುಕ್ ಇಡಲಿ. ದಿನದ ಮೊದಲ ಹರಾಜಿನ ದರ, ಕೊನೆಯ ದರ, ಎಷ್ಟು ಬಾಕ್ಸ್ ಬಂತು, ರೈತರು ಏನಂದರು, ಅಷ್ಟೇ. ತಿಂಗಳಾದ ಮೇಲೆ ಅದನ್ನು ಎರಡು ಪುಟದ ಲೇಖನ ಮಾಡಿ ನಮಗೆ ಕಳಿಸಲಿ. ಚೆನ್ನಾಗಿದ್ದರೆ ಅವಳ ಹೆಸರಲ್ಲೇ ಹಾಕುತ್ತೇವೆ, ಇಲ್ಲದಿದ್ದರೆ ಎಲ್ಲಿ ತಿದ್ದಬೇಕು ಅಂತ ನಾನೇ ಕೆಂಪು ಪೆನ್ನಲ್ಲಿ ಬರೆದು ವಾಪಸ್ ಕಳಿಸುತ್ತೇನೆ. ಗೌರವಧನ ಸಣ್ಣದು, ಈಗಿನ ದರದಲ್ಲಿ ಟೊಮೆಟೊ ಬಾಕ್ಸ್ ಎಷ್ಟು ಬರುತ್ತೆ ಅಂತ ನೀವೇ ಲೆಕ್ಕ ಹಾಕಿಕೊಳ್ಳಿ.

— ಸಂಪಾದಕ