ಮುಖ ಒಬ್ಬನದು, ದನಿ ಇನ್ನೊಬ್ಬನದು ಆಗಬಹುದೇ?

‘ಫ್ಯಾಂಟಮ್ ಆಫ್ ದಿ ಪ್ಯಾರಡೈಸ್’ ಎಂಬ ಅಮೆರಿಕನ್ ರಾಕ್ ಸಂಗೀತ ಚಿತ್ರದಲ್ಲೇ ನಾಯಕನ ಬಾಯಿಗೆ ಬೇರೆಯವರ ದನಿ ಕೂರಿಸಿರುವಾಗ, ನನ್ನ ರಾಕ್ ಕಿರುಚಿತ್ರದಲ್ಲಿ ಹಾಡಲು ಬಾರದ ಒಳ್ಳೆಯ ನಟನನ್ನು ಏಕೆ ಹಾಕಿಕೊಳ್ಳಬಾರದು ಎಂದು ಕೇಳಿದ್ದೀರಿ. ಇದೇ ಚಿತ್ರವನ್ನು ಸಾಕ್ಷಿಗೆ ಕರೆದು, ಇದೇ ಮಾತನ್ನು ನಾನೂ ನನ್ನ ತಂಡಕ್ಕೆ ಹೇಳಿದ್ದೆ.

ನಮ್ಮದು 22 ನಿಮಿಷದ ಚಿತ್ರ. ಹಾಡುಗಳನ್ನು ಮೊದಲೇ ಧ್ವನಿಮುದ್ರಿಸಿಕೊಂಡೆವು. ಹಾಡಿದವನದು ಗಂಟಲು ಹರಿಯುವಂಥ ಹಾರ್ಡ್ ರಾಕ್ ದನಿ. ಆಮೇಲೆ ಸಿಕ್ಕ ನಟ ಎತ್ತರದವನು, ಗಿಟಾರ್ ಹಿಡಿದು ನಿಂತರೆ ಕಣ್ಣು ಕೀಳಲಾಗುತ್ತಿರಲಿಲ್ಲ. ಎರಡು ವಾರ ಕನ್ನಡಿ ಎದುರು ಅಭ್ಯಾಸ ಮಾಡಿದ. ತುಟಿ ಚಲನೆ ಎಲ್ಲಿಯೂ ತಪ್ಪಲಿಲ್ಲ.

ಸಂಕಲನಕ್ಕೆ ಕುಳಿತಾಗ ಎದೆ ಧಸಕ್ಕೆಂದಿತು. ಚರಣದ ಕೊನೆಯಲ್ಲಿ ದನಿ ತಾರಕಕ್ಕೆ ಏರುತ್ತದೆ, ಪರದೆಯ ಮೇಲೆ ಅವನ ಕತ್ತಿನ ನರ ಉಬ್ಬುವುದೇ ಇಲ್ಲ. ಗಾಯಕ ಉಸಿರೆಳೆದದ್ದು ಕಿವಿಗೆ ಕೇಳುತ್ತದೆ, ನಟನ ಎದೆ ಅಲುಗುವುದಿಲ್ಲ. ಉಸಿರಿನ ಸದ್ದನ್ನು ಅಳಿಸಿದೆವು, ಹಾಡು ಸತ್ತಿತು. ದೂರದ ಶಾಟ್ ಹಾಕಿದೆವು, ಮುಖವೇ ಹೋಯಿತು. ತಪ್ಪು ನಟನದಲ್ಲ. ಚಿತ್ರೀಕರಣದ ದಿನ ಅವನು ಜೋರಾಗಿ ಹಾಡಲು ಹೊರಟಾಗ ‘ದನಿ ಬೇಡ, ಬಾಯಿ ಆಡಿಸಿದರೆ ಸಾಕು’ ಎಂದು ತಡೆದವನು ನಾನು. ಅಪಸ್ವರವಾದರೂ ಕೂಗಲು ಬಿಟ್ಟಿದ್ದರೆ ಅವನ ಮೈಯಾದರೂ ಹಾಡುತ್ತಿತ್ತು. ಆ ಒಂದು ಮಾತಿಗೆ ಇಡೀ ಚಿತ್ರವನ್ನು ತೆತ್ತೆ.

ಅದಕ್ಕೂ ಹಿಂದೆ, ‘ಫ್ಯಾಂಟಮ್’ ಚಿತ್ರವನ್ನೇ ನಾನು ಸರಿಯಾಗಿ ನೋಡಿರಲಿಲ್ಲ. ಬ್ರಯಾನ್ ಡಿ ಪಾಲ್ಮಾ 1974ರಲ್ಲಿ ತೆಗೆದ ಆ ಚಿತ್ರದ ಆರಂಭದಲ್ಲಿ ನಾಯಕ ವಿನ್‌ಸ್ಲೋ ಪಾತ್ರದ ವಿಲಿಯಂ ಫಿನ್ಲೆ ಪಿಯಾನೋ ಮುಂದೆ ಕುಳಿತು ಸ್ವಂತ ದನಿಯಲ್ಲೇ ಹಾಡುತ್ತಾನೆ. ಗ್ರಾಮಫೋನ್ ತಟ್ಟೆ ಅಚ್ಚೊತ್ತುವ ಯಂತ್ರಕ್ಕೆ ತಲೆ ಸಿಕ್ಕಿ ಮುಖವೂ ದನಿಯೂ ಹಾಳಾದ ಮೇಲೆ, ಅವನ ಸಂಗೀತವನ್ನು ಕದ್ದ ನಿರ್ಮಾಪಕ ಸ್ವಾನ್ ಧ್ವನಿ ಫಲಕದ ಗುಂಡಿಗಳನ್ನು ತಿರುಗಿಸುತ್ತಾ ಆ ಕರ್ಕಶ ಕಂಠವನ್ನು ಹಾಡಿಗೆ ತರುತ್ತಾನೆ. ಆಗ ಕೇಳುವುದು ಪಾಲ್ ವಿಲಿಯಮ್ಸ್‌ನ ದನಿ. ಹಾಡುಗಳನ್ನು ಬರೆದವನೂ ಸ್ವಾನ್ ಆಗಿ ನಟಿಸಿದವನೂ ಅವನೇ. ದೋಚಿಸಿಕೊಂಡವನು ದೋಚಿದವನ ಕಂಠದಲ್ಲಿ ಹಾಡುತ್ತಾನೆ! ಅಲ್ಲಿ ದನಿ ಬದಲಾದದ್ದೇ ಕಥೆ. ಫೀನಿಕ್ಸ್ ಎಂಬ ಗಾಯಕಿಯ ಪಾತ್ರವಾದರೋ ತನ್ನ ದನಿಯಿಂದಲೇ ವಿನ್‌ಸ್ಲೋನನ್ನು ಸೆಳೆಯಬೇಕು. ಅದಕ್ಕೆ ಜೆಸಿಕಾ ಹಾರ್ಪರ್ ಸ್ವತಃ ಹಾಡಿದ್ದಾಳೆ.

ಸಂಗೀತದ ಶೈಲಿಯೂ ಪಾತ್ರವರ್ಗಕ್ಕೆ ಅಂಟಿಕೊಂಡೇ ಇದೆ. ಆ ಚಿತ್ರದಲ್ಲಿ ಬೇರೆ ಮೂವರು ನಟರೇ ಮೊದಲು 1950ರ ದಶಕದ ಧಾಟಿಯ ತಂಡ, ಆಮೇಲೆ ಕಡಲತೀರದ ಸರ್ಫ್ ರಾಕ್ ತಂಡ, ಕೊನೆಗೆ ಮುಖಕ್ಕೆ ಬಣ್ಣ ಬಳಿದು ಬೆಚ್ಚಿಬೀಳಿಸುವ ತಂಡವಾಗಿ ಬರುತ್ತಾರೆ. ಸ್ವಾನ್ ಮಾರುವ ಸರಕು ಎಂಥದ್ದು ಎನ್ನುವುದಕ್ಕೆ ಒಂದು ಸಾಲಿನ ಸಂಭಾಷಣೆಯೂ ಬೇಕಾಗುವುದಿಲ್ಲ.

ಹಾಗಾಗಿ ನಟನೋ ಗಾಯಕನೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನಿಮ್ಮ ನಾಯಕ ಕೊನೆಯ ದೃಶ್ಯದಲ್ಲಿ ವೇದಿಕೆ ಏರಿ, ತನ್ನ ದನಿಯಿಂದಲೇ ಗೆಲ್ಲುತ್ತಾನೆ ಎಂದು ಬರೆದಿದ್ದೀರಿ. ಅಂದಮೇಲೆ ಹಾಡುವವನೇ ಬೇಕು. ಅವನಿಗೆ ಸಂಭಾಷಣೆ ಕಡಿಮೆ ಬರೆಯಿರಿ. ಅವನು ಸಿಗುವವರೆಗೆ ಹಾಡಿನ ಶ್ರುತಿಯನ್ನು ಗಟ್ಟಿ ಮಾಡಬೇಡಿ. ಆಯ್ಕೆಗೆ ಬಂದವರಿಂದ ಪಕ್ಕವಾದ್ಯವಿಲ್ಲದೆ ಒಂದು ಚರಣ ಹಾಡಿಸಿ, ಏದುಸಿರು ಇಳಿಯುವ ಮೊದಲೇ ಎರಡು ಸಾಲು ಮಾತಾಡಿಸಿ. ಆಗ ಅವರ ಕತ್ತು, ಎದೆಯನ್ನು ನೋಡಿ. ತುಟಿಯನ್ನಲ್ಲ.